ಕೇಳಿದ ಮಾತು

ಆಟಿಸಂ ಇರುವ ಮಕ್ಕಳ ತಾಯಂದಿರು ಭಾನುವಾರ ಒಂದು ಗಂಟೆ ಸೇರಲು ಅಪಾರ್ಟ್‌ಮೆಂಟಿನ ಕ್ಯಾರಂ ಕೋಣೆ ಕೊಡಿ ಎಂದು ಕೇಳಲು ಕಮಿಟಿಯ ಮುಂದೆ ಹೋಗಿದ್ದೆ. ಮಗಳು ಕುರ್ಚಿಯಿಂದ ಎದ್ದದ್ದೇ ತಡ, ಕಾರ್ಯದರ್ಶಿ ಅದನ್ನು ಕರವಸ್ತ್ರದಿಂದ ಒರೆಸಿದರು. ನಮ್ಮ ಮೇಲಿನ ಮನೆಯವರೇ.

"ಅದು ಅಂಟುರೋಗ ಅಲ್ಲ ಸಾರ್."

"ಹಾಗಲ್ಲಮ್ಮ, ಇಂಥವ್ರೆಲ್ಲ ಇಲ್ಲಿಗೆ ಬರೋಕೆ ಶುರುಮಾಡಿದ್ರೆ ಬಿಲ್ಡಿಂಗಿನ ಮರ್ಯಾದೆ ಏನಾಗ್ಬೇಕು? ನಿಮ್ಮನೆ ಬಿಟ್ರೆ ಇಲ್ಲಿ ಇನ್ಯಾರ ಮನೇಲೂ ಇಂಥ ಮಗು ಇಲ್ಲ."

"ಮಕ್ಕಳಿದ್ದವರಿಗೆ ನಮ್ಮ ಕಷ್ಟ ಅರ್ಥ ಆಗುತ್ತೆ ಸಾರ್."

"ನಮಗೆ ಮಕ್ಕಳೇ ಇಲ್ಲ. ಇರೋ ನೆಮ್ಮದೀನಾದ್ರೂ ಉಳಿಸಿ."

ಕಮಿಟಿಯವರೆಲ್ಲ ಪಾಪ ಎನ್ನುವಂತೆ ತಲೆಯಾಡಿಸಿದರು.

ನನ್ನ ಮಗಳು ಸ್ವಂತ ಮಾತು ಆಡುವವಳಲ್ಲ. ಕಿವಿಗೆ ಬಿದ್ದದ್ದನ್ನು, ಬಿದ್ದ ದನಿಯಲ್ಲೇ, ಒಂದಕ್ಷರ ಬಿಡದೆ ಒಪ್ಪಿಸುತ್ತಾಳೆ. ನಮ್ಮ ಬಾಲ್ಕನಿಯಲ್ಲಿ ಕೂತು ದಿನವೂ ಕೇಳುವ ದನಿಯನ್ನು ಅವಳು ಗುರುತು ಹಿಡಿದಳು. ಕಾರ್ಯದರ್ಶಿಯ ಹಾಗೆಯೇ ಗಂಟಲು ಸರಿಮಾಡಿಕೊಂಡು ಹೇಳಿದಳು:

"ಬಾಯ್ಮುಚ್ಚೋ ನಚ್ಚಿ, ಕೂಗ್ಬೇಡ. ನಮಗೊಬ್ಬ ಮಗ ಇದಾನೆ ಅಂತ ಕೆಳಗಿನವ್ರಿಗೆ ಗೊತ್ತಾಗ್ಬಿಡತ್ತೆ."