ಗುಬ್ಬಿ ಎಂಜಲು

ಊರಿನ ಎಲ್ಲ ಮನೆಗಳಲ್ಲೂ ಅದು ನಾಲಿಗೆಗೆ ಪರೀಕ್ಷೆಯ ಪಟ್ಟಿ ಮುಟ್ಟಿಸುವ ಹೊತ್ತು. ಪಟ್ಟಿ ನೀಲಿಯಾದರೆ, ಜೀವಕೋಶದೊಳಗಿನ ಡಿಎನ್‌ಎಯನ್ನೇ ಕತ್ತರಿಸುವ ವಿಷದ ಬ್ಯಾಕ್ಟೀರಿಯಾ ಬಾಯಲ್ಲಿ ನೆಲೆಯೂರಿದೆ ಎಂದರ್ಥ. ಅಂಥವರು ಊರಾಚೆಯ ಶುದ್ಧಿಮನೆಗೆ ಹೋಗಬೇಕು. ಉಳಿದವರಿಗೆ ಅಲ್ಲಿ ಪ್ರವೇಶವಿಲ್ಲ.

“ಯಾರದಾದ್ರೂ ಎಂಜಲು ತಿಂದ್ಯೇನೇ?” ಪಟ್ಟಿ ಹಿಡಿದ ವಾರಿಜಾ ಮಗಳನ್ನು ಕೇಳಿದಳು.

“ಇಲ್ಲಮ್ಮ. ತನ್ಮಯಿ ಪೆಪ್ಪರ್‌ಮೆಂಟ್ ಕೊಟ್ಲು. ಫ್ರಾಕ್ ಸುತ್ತಿ ಕಚ್ಚಿ ಮುರಿದ್ವಿ. ಗುಬ್ಬಿ ಎಂಜಲು ಎಂಜಲಲ್ವಲ್ಲ!”

ವಾರಿಜಾ ತಡಮಾಡದೆ ಪಟ್ಟಿಯನ್ನು ಮಗಳ ನಾಲಿಗೆಗೆ ಮುಟ್ಟಿಸಿದಳು. ಬಟ್ಟೆಯ ನೂಲಿನ ಸಂದು ಬ್ಯಾಕ್ಟೀರಿಯಾಕ್ಕೆ ಹೆಬ್ಬಾಗಿಲೇ ಸರಿ. ನೋಡನೋಡುತ್ತಲೇ ಪಟ್ಟಿ ನೀಲಿಗೆ ತಿರುಗಿತು.

ಮಗುವಿನ ಮುಖ ಬಾಡಿತು. “ಅಲ್ಲಿಗೆ ನೀನೂ ಬರ್ತೀಯಲ್ವಾಮ್ಮ?”

“ಬರ್ದೆ ಇರ್ತೀನಾ, ಪುಟ್ಟಿ?”

ಮಗಳು ಕುಡಿದು ಬಿಟ್ಟಿದ್ದ ಅರ್ಧ ಲೋಟ ಹಾಲನ್ನೆತ್ತಿ ವಾರಿಜಾ ಗಟಗಟನೆ ಕುಡಿದುಬಿಟ್ಟಳು.