ಕಲೆಯೋ, ಗ್ರಹವೋ

ಮದುವೆಯಾದ ಮೊದಲ ದೀಪಾವಳಿಗೆಂದು ಮಾವನ ಮನೆಗೆ ಬಂದು ಎಣ್ಣೆಸ್ನಾನ ಮಾಡಿದ ಅಳಿಯ, ಯುಗಾದಿ ಕಳೆದರೂ ಹೊರಟಿರಲಿಲ್ಲ. ಅವನು ಖಗೋಳ ವಿಜ್ಞಾನಿ. ಹಗಲಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಯಾವುದೋ ಎಳೆಯ ನಕ್ಷತ್ರದ ಸುತ್ತ ಪುಟ್ಟದೊಂದು ಗ್ರಹ ಹುಡುಕುತ್ತಿದ್ದ. ಅದು ಸಿಕ್ಕ ಕೂಡಲೇ ಹೊರಡುತ್ತೇನೆ ಎಂದಿದ್ದರಿಂದ ಮಾವನಿಗೂ ಖಗೋಳದಲ್ಲಿ ವಿಪರೀತ ಆಸಕ್ತಿ ಹುಟ್ಟಿತ್ತು. ಅತ್ತೆಯಂತೂ ಗ್ರಹ ಬೇಗ ಸಿಗಲೆಂದು ದೇವಸ್ಥಾನದ ನವಗ್ರಹಗಳಿಗೆ ದಿನಾ ಸುತ್ತು ಹಾಕುತ್ತಿದ್ದರು.

"ಏನಾಯ್ತು ಅಳಿಯಂದ್ರೇ, ಸಿಕ್ತೇ ನಿಮ್ಮ ಗ್ರಹ?"

"ಬೆಳಕು ಆಗಾಗ ಚೂರು ಮಂಕಾಗ್ತಿದೆ ಮಾವ. ಗ್ರಹ ಅಡ್ಡ ಬಂದ್ರೂ ಮಂಕಾಗುತ್ತೆ, ನಕ್ಷತ್ರದ ಮೇಲೆ ಕಲೆ ಇದ್ರೂ ಮಂಕಾಗುತ್ತೆ. ಎಳೇ ನಕ್ಷತ್ರ ನೋಡಿ, ಮೈಯೆಲ್ಲ ಕಲೆ, ಸದಾ ಸಿಡಿಮಿಡಿ."

"ಮತ್ತೆ ಯಾವುದು ಅಂತ ಗೊತ್ತಾಗೋದು ಹೇಗೆ?"

"ಕಲೆಯಾದ್ರೆ ಬರ್ತಾ ಬರ್ತಾ ಮಾಸಿಹೋಗುತ್ತೆ. ಗ್ರಹ ಹಾಗಲ್ಲ. ತಪ್ಪದೆ ಅದೇ ಹೊತ್ತಿಗೆ ಬರುತ್ತೆ, ಅಷ್ಟೇ ಬೆಳಕು ಮರೆ ಮಾಡುತ್ತೆ, ಹೋಗುತ್ತೆ, ಮತ್ತೆ ಬರುತ್ತೆ."

ಮಾವ ತಲೆಯಾಡಿಸಿ ಟೀವಿ ಹಾಕಿದರು. ಸಂಜೆಯ ವಾರ್ತೆ ಶುರುವಾಗುತ್ತಿದ್ದಂತೆ, ದಿನದಂತೆಯೇ, ಅಳಿಯ ಟೀವಿಗೆ ಅಡ್ಡಲಾಗಿ ಹಾದು ಅಡುಗೆಮನೆಗೆ ಹೋದ. ಚಕ್ಕುಲಿ ಡಬ್ಬದ ಮುಚ್ಚಳದ ಸದ್ದಾಯಿತು. ಬಾಯಾಡಿಸುತ್ತಾ ಟೀವಿಗೆ ಅಡ್ಡಲಾಗಿಯೇ ವಾಪಸು ಬಂದ.

ಮಾವ ರಿಮೋಟ್ ಕೆಳಗಿಟ್ಟು, ದೇವಸ್ಥಾನಕ್ಕೆ ಹೊರಟಿದ್ದ ಹೆಂಡತಿಯನ್ನು ಕೂಗಿದರು.

"ಲೇ ಇವಳೇ, ಇದು ಮಾಸಿಹೋಗೋ ಕಲೆಯಲ್ಲ ಕಣೇ! ಆ ಒಂಬತ್ತಕ್ಕೆ ಸುತ್ತು ಹಾಕಿದ್ದು ಸಾಕು, ನಮ್ಮನೇಲಿರೋದು ದಶಮಗ್ರಹ!"