ಸತ್ತವನ ಮೇಲ್ಮನವಿ

ಸತ್ತವರೂ ಮೇಲ್ಮನವಿ ಹಾಕಬಹುದೆಂಬ ಕಾನೂನು ಬಂದು ಹತ್ತು ವರ್ಷವಾಗಿತ್ತು. ನೀಲವ್ವನ ಮನೆಯ ದಾರಿಗೆ ಗೋಡೆ ಕಟ್ಟಿದ್ದ ನೆರೆಯ ಚನ್ನವೀರಪ್ಪ ಸತ್ತು ಮೂರು ವರ್ಷ. ಅವನ ಮನಸ್ಸನ್ನು ತುಂಬಿಟ್ಟ ಪೆಟ್ಟಿಗೆ ಅದೇ ಗೋಡೆಯ ಮೇಲೆ ಕೂತಿತ್ತು.

ಗೋಡೆ ಕೆಡವಬೇಕೆಂಬ ತೀರ್ಪು ಜಾರಿ ಮಾಡಲು ಕೋರ್ಟಿನ ಅಮೀನ ಬಂದೊಡನೆ ಪೆಟ್ಟಿಗೆ, "ಅಪೀಲು ಹಾಕೀನಿ, ಗ್ವಾಡಿ ಮುಟ್ಟಬ್ಯಾಡ್ರಿ" ಎಂದಿತು. ಅದೇ ಕಫ ಕಟ್ಟಿದ ದನಿ. ಹೋದ ತಿಂಗಳು ನೀಲವ್ವ ಗಂಡನ ಹೆಣವನ್ನು ಈ ಗೋಡೆಯ ಮೇಲಿಂದಲೇ ದಾಟಿಸಿದ್ದಳು.

"ತಡೆಯಾಜ್ಞೆ ಬಂದೈತೇನ್ರಿ?" ಎಂದು ಅಮೀನನನ್ನು ಕೇಳಿದಳು.

"ಇಲ್ಲವ್ವಾ. ಬರೇ ಅಪೀಲಿಗೆ ಜಾರಿ ನಿಲ್ಲೂದಿಲ್ಲ."

ಚನ್ನವೀರಪ್ಪನ ಹೆಂಡತಿ ಹೊರಬಂದು, "ಸತ್ತ ಮ್ಯಾಲೂ ಇದಕ್ಕ ನಾಚಿಕಿ ಬರಲಿಲ್ಲ" ಎನ್ನುತ್ತ ಪೆಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಕೆಳಗಿಟ್ಟಳು.

ಸಂಜೆ ನೀಲವ್ವ ಗೋಡೆ ಕೆಡವಿದ ಜಾಗದಿಂದ ನೆಟ್ಟಗೆ ಬೀದಿಗೆ ನಡೆದಳು. ಪೆಟ್ಟಿಗೆ ಎರಡನೇ ಅಪೀಲಿನ ಮಾತಾಡುತ್ತಿತ್ತು. ಅವಳು ಪಕ್ಕಕ್ಕೆ ಉಗಿದು ಮುಂದೆ ಹೋದಳು.